ಬಾವಿಗೆ ಬಂದ ಯಂತ್ರ

ನಮ್ಮ ವಿಭಾಗದ ಅಟೆಂಡರ್ ಅಕ್ಕ ಹದಿಮೂರು ವರ್ಷ, ದಿನಾ ಬೆಳಿಗ್ಗೆ ಆರೂವರೆಗೆ ಕಾಲೇಜಿನ ಹಿಂದಿನ ಬಾವಿಗೆ ಗುಂಡು ಕಟ್ಟಿದ ಟೇಪು ಇಳಿಬಿಟ್ಟು ನೀರಿನ ಮಟ್ಟ ಬರೆದುಕೊಂಡವಳು. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿತ್ತು. ಮಗಳ ಹೆರಿಗೆಯ ದಿನವೂ ಅಳತೆ ಮುಗಿಸಿಯೇ ಆಸ್ಪತ್ರೆಗೆ ಓಡಿದ್ದಳು. "ಒಂದಿನ ತಪ್ಪಿದ್ರೆ ಆ ದಿನ ಮತ್ತೆ ಬರುತ್ತದೇನೇ?" ಎನ್ನುತ್ತಿದ್ದಳು. ಹಾಗೆ ಹನ್ನೊಂದು ನೋಟ್‌ಪುಸ್ತಕ ತುಂಬಿದವು.

ಆ ಪುಸ್ತಕಗಳ ಮೇಲೆ ಪ್ರೊಫೆಸರ್ ಸಾಹೇಬರ ಕಣ್ಣು ಬಿತ್ತು. ಸಂಶೋಧನಾ ಲೇಖನ ಬರೆಯಲು ಕೂತರು. ಟೈಪ್ ಮಾಡುವವಳು ನಾನು. ಮೊದಲ ಕರಡಿನಲ್ಲಿ "ವಿಭಾಗದ ಸಿಬ್ಬಂದಿ ಕೈಯಿಂದ ಅಳೆದದ್ದು" ಎಂದಿತ್ತು. ಮೂರನೆಯದರಲ್ಲಿ ಸಿಬ್ಬಂದಿಗೆ "ತರಬೇತಿ ಪಡೆದ" ಎಂಬ ಕೊಂಬು ಮೂಡಿತು. ತರಬೇತಿ ಕೊಟ್ಟ ಪುಣ್ಯಾತ್ಮ ಯಾರೋ! ಅಚ್ಚಿಗೆ ಕಳಿಸಿದ ಐದನೆಯದನ್ನು ಸಂಶೋಧನಾ ಪತ್ರಿಕೆಯವರು, ಕೈ ಅಳತೆಯನ್ನು ಹೇಗೆ ನಂಬುವುದು ಎಂದು ಕೇಳಿ ತಿದ್ದಲು ವಾಪಸ್ ಕಳಿಸಿದರು. ಉತ್ತರ ಕೊಡಲು ಹನ್ನೊಂದು ಪುಸ್ತಕಗಳಿದ್ದವು. ಸಾಹೇಬರು ಅವನ್ನು ಮುಟ್ಟಲಿಲ್ಲ. ಹಳೆಯ ಸಾಲು ಹೊಡೆದುಹಾಕಿ "ಸ್ವಯಂಚಾಲಿತ ಯಂತ್ರದಿಂದ ಅಳೆದದ್ದು" ಎಂದು ಬರೆದರು.

"ಸರ್, ಯಂತ್ರ ಎಲ್ಲಿದೆ?"

"ನಿಮಗ್ಯಾಕಮ್ಮಾ ಅದೆಲ್ಲ? ಟೈಪ್ ಮಾಡಿ. ಅಂಕಿ ಅದೇ ತಾನೇ?"

ಬಾಯಿ ಮುಚ್ಚಿಕೊಂಡು ಟೈಪ್ ಮಾಡಿದೆ. ಆ ಸಿಟ್ಟು ಇವತ್ತಿಗೂ ನನ್ನ ಮೇಲೇ ಇದೆ.

ಲೇಖನ ಅಚ್ಚಾಯಿತು. ಎರಡೇ ತಿಂಗಳಿಗೆ ಆಡಳಿತ ಕಚೇರಿಯಿಂದ ಆದೇಶ ಬಂತು: ಬಾವಿಗೆ ಯಂತ್ರ ಇರುವುದರಿಂದ, ಅಳತೆಗೆಂದೇ ಇದ್ದ ಅಟೆಂಡರ್ ಹುದ್ದೆ ರದ್ದು. ಪುರಾವೆಗೆ ಲೇಖನದ ಅದೇ ಪುಟವನ್ನು ಲಗತ್ತಿಸಿದ್ದರು. ಐವತ್ತೆರಡು ದಾಟಿದ ಅಕ್ಕನಿಗೆ ಇನ್ನೆಲ್ಲಿ ಕೆಲಸ ಸಿಗಬೇಕು?

ಅವಳ ಕೈ ಹಿಡಿದುಕೊಂಡು ಸಾಹೇಬರ ಕೋಣೆಗೆ ನುಗ್ಗಿದೆ. "ಯಂತ್ರ ಇಲ್ಲ ಅಂತ ಒಂದು ಮಾತು ಹೇಳಿ ಸರ್."

"ಹೇಳಿದ್ರೆ ಲೇಖನ ವಾಪಸ್ ತಗೋಬೇಕಾಗುತ್ತೆ. ನನ್ನ ಹೆಸರು ಏನಾಗ್ಬೇಕು?"

ಈ ಮಹಾನುಭಾವರು ಹದಿಮೂರು ವರ್ಷದಲ್ಲಿ ಒಮ್ಮೆಯೂ ಆ ಬಾವಿಯ ಕಡೆ ತಲೆ ಹಾಕಿದವರಲ್ಲ!

ಅಕ್ಕ ಜಗಳವಾಡಲಿಲ್ಲ. "ಹಾಗಾದ್ರೆ ನಾಳೆ ಬೆಳಿಗ್ಗೆ ಯಾರು ನೋಡ್ತಾರೆ ಸರ್?" ಎಂದಳು. ಸಾಹೇಬರು ಫೈಲು ತಿರುವತೊಡಗಿದರು.

ಸೀದಾ ನನ್ನ ಮೇಜಿಗೆ ಬಂದು ಪತ್ರಿಕೆಯ ಸಂಪಾದಕರಿಗೆ ಕಾಗದ ಟೈಪ್ ಮಾಡಿದೆ. ಯಂತ್ರ ಅನ್ನುವುದು ಶುದ್ಧ ಸುಳ್ಳು, ಅಳೆದವಳು ಅಟೆಂಡರ್, ಸುಳ್ಳನ್ನು ಟೈಪ್ ಮಾಡಿದವಳು ನಾನು ಎಂದು ಬರೆದು ಸಹಿ ಹಾಕಿದೆ. ಆಡಳಿತ ಕಚೇರಿಗೂ ಒಂದು ಪ್ರತಿ ಕಳಿಸಿದೆ.

ಈಗ ನನ್ನ ಕುರ್ಚಿಯೂ ಅಲ್ಲಾಡುತ್ತಿದೆ. ಅಲ್ಲಾಡಲಿ.