ಕೈಗಡಿಯಾರದ ಶಹಬ್ಬಾಸ್‌ಗಿರಿ

ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ, ಉಪ್ಪಿನ ಭರಣಿಗೂ ಚಹಾಪುಡಿಯ ಡಬ್ಬಿಗೂ ನಡುವೆ, ಒಂದು ಕೈಗಡಿಯಾರ ದಿನವೂ ನಸುಕಿನಲ್ಲಿ ಕರೆಂಟು ಕುಡಿಯುತ್ತ ಮಲಗಿರುತ್ತಿತ್ತು. ಹಿಂದಿನ ಗಡಿಯಾರಗಳು ಕೀಲಿ ಕೊಟ್ಟರೆ ಸಾಕು, ಗಂಟೆ ಎಷ್ಟೆಂದು ಹೇಳಿ ಸುಮ್ಮನಾಗುತ್ತಿದ್ದವು. ಮಿಕ್ಕ ವಿಚಾರಗಳಲ್ಲಿ ಮೂಗು ತೂರಿಸುತ್ತಿರಲಿಲ್ಲ. ಇದು ಹಾಗಲ್ಲ. ಇದಕ್ಕೆ ನಮ್ಮ ವಯಸ್ಸು ಗೊತ್ತು, ತೂಕ ಗೊತ್ತು, ಗಂಡೋ ಹೆಣ್ಣೋ ಎಂಬುದೂ ಗೊತ್ತು. ಹೊಟ್ಟೆಯಡಿ ಒಂದು ಹಸಿರು ದೀಪ ಹಚ್ಚಿಕೊಂಡು, ಮಣಿಕಟ್ಟಿನ ನೆತ್ತರನ್ನು ಇಣುಕಿ ನೋಡಿ, ಎದೆ ನಿಮಿಷಕ್ಕೆ ಎಷ್ಟು ಸಲ ಬಡಿಯಿತೆಂದು ಎಣಿಸಿ, ಅದನ್ನು ವಯಸ್ಸು ತೂಕಗಳೊಡನೆ ಕೂಡಿಸಿ ಗುಣಿಸಿ, ತಾವು ಈ ದಿನ ಇಷ್ಟು ಕ್ಯಾಲೊರಿ ಸುಟ್ಟಿರಿ ಎಂದು ತೀರ್ಪು ಕೊಡುತ್ತದೆ. ಎದೆ ಜೋರಾಗಿ ಬಡಿಯಿತೆಂದರೆ ಮೈ ಜೋರಾಗಿ ದುಡಿಯಿತು ಎಂಬುದು ಅದರ ಮುಗ್ಧ ನಂಬಿಕೆ. ಆ ನಂಬಿಕೆ ನನ್ನನ್ನು ಹುಮನಾಬಾದಿನ ಒಂದು ಆಸ್ಪತ್ರೆಯ ಮಂಚಕ್ಕೆ ಹೇಗೆ ಮುಟ್ಟಿಸಿತು ಎಂಬುದನ್ನು, ಗೆಳೆಯರೇ, ನಾಚಿಕೆ ಬಿಟ್ಟು ನಿಮ್ಮ ಮುಂದೆ ಹೇಳಿಕೊಳ್ಳಬೇಕಾಗಿದೆ.

ನಾನು ಮೂವತ್ತು ವರ್ಷ ಬಸ್ ನಿಲ್ದಾಣದ ಕಂಟ್ರೋಲರ್ ಆಗಿದ್ದವನು. ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ಹುಮನಾಬಾದಿನಲ್ಲಿ. ಯಾವ ಗಾಡಿ ಎಷ್ಟಕ್ಕೆ ಬಂತು, ಎಷ್ಟಕ್ಕೆ ಬಿಟ್ಟಿತು ಎಂದು ಬರೆಯುವುದು, ಮೈಕಿನಲ್ಲಿ ಕೂಗುವುದು, ತಡವಾದ ಡ್ರೈವರನ ಮೇಲೆ ರೇಗುವುದು, ಇಷ್ಟೇ ನನ್ನ ವಿದ್ಯೆ. ಈ ವಿದ್ಯೆಯಿಂದ ನನಗೆ ಅಂಟಿದ ರೋಗವೆಂದರೆ ಅಂಕಿಯ ಮೇಲಿನ ಭಕ್ತಿ. ಬಸ್ಸು ಕಣ್ಣಿಗೆ ಕಾಣದಿದ್ದರೂ ಹಾಳೆಯಲ್ಲಿ ಹತ್ತೂಹತ್ತಕ್ಕೆ ಬಂತೆಂದು ಬರೆದಿದ್ದರೆ ಅದು ಬಂದೇ ಬಂದಿದೆ ಎಂದು ಪ್ರಯಾಣಿಕರೊಡನೆ ವಾದಿಸಿ ಗೆದ್ದವನು ನಾನು. ನಿವೃತ್ತನಾದ ಮೇಲೆ ಬಸವಕಲ್ಯಾಣದ ಸ್ವಂತ ಮನೆಗೆ ಬಂದು ನೆಲೆಸಿದೆ. ಆಗ ನನ್ನನ್ನು ಕಂಟ್ರೋಲು ಮಾಡುವ ಕೆಲಸವನ್ನು ಹೆಂಡತಿ ಕಸ್ತೂರಿ ವಹಿಸಿಕೊಂಡಳು. ನನಗೆ ಹನ್ನೊಂದು ವರ್ಷದಿಂದ ಬಿಪಿ. ಹನ್ನೊಂದು ವರ್ಷದಿಂದಲೂ ಮುಂಜಾನೆ ಚಹಾ ಇಳಿಸಿದ ಕೂಡಲೇ ಆಕೆ ಒಂದು ಗುಳಿಗೆ ಬಿಡಿಸಿ ನನ್ನ ಅಂಗೈಯಲ್ಲಿಟ್ಟು, ಇನ್ನೊಂದು ಕೈಗೆ ನೀರಿನ ತಂಬಿಗೆ ಕೊಟ್ಟು, ನಾನು ಗುಟುಕರಿಸುವವರೆಗೆ ಎದುರಿಗೇ ನಿಲ್ಲುತ್ತಾಳೆ. ಒಂದು ದಿನವೂ ತಪ್ಪಿಲ್ಲ. ಸಿಹಿ ಮತ್ತು ಕರಿದ ತಿಂಡಿಯ ಮೇಲೆ ಆಕೆ ಹೇರಿದ ನಿಷೇಧವೂ ಅಷ್ಟೇ ಕರಾರುವಾಕ್ಕಾದದ್ದು.

ನಮ್ಮ ಮುಂಜಾನೆಯ ವಾಕಿಂಗಿಗೆ ಜೊತೆಗಾರರು ವೈಜಿನಾಥ ಮಾಸ್ತರರು, ನಿವೃತ್ತ ಡ್ರಾಯಿಂಗ್ ಮಾಸ್ತರರು, ನನಗಿಂತ ಒಂದು ಕೈ ಹೆಚ್ಚೇ ದಪ್ಪ. ಇಂಥ ಗಡಿಯಾರವನ್ನು ಮೊದಲು ಕಟ್ಟಿಕೊಂಡು ಬಂದವರು ಅವರು. ಅವರ ಕೈ ನೋಡಿದ ದಿನ ನನಗೆ ನಿದ್ದೆ ಹತ್ತಲಿಲ್ಲ. ವಾರದೊಳಗೆ ನಾನೂ ಒಂದು ತಂದೆ. ಮನೆಯಲ್ಲಿ ಅದರ ಮಹಿಮೆ ಬಣ್ಣಿಸಿದಾಗ ಕಸ್ತೂರಿ ತುಸು ಯೋಚಿಸಿ ಒಂದು ಕರಾರಿಗೆ ಒಪ್ಪಿದಳು.

“ಆತು ಬಿಡ್ರಿ. ಅದು ಎಷ್ಟ್ ಸುಟ್ಟೀರಿ ಅಂತದೋ ಅಷ್ಟೇ ತಿನ್ರಿ. ಒಂದ್ ತುತ್ತ ಜಾಸ್ತಿ ಕೇಳಬ್ಯಾಡ್ರಿ.”

ಯಂತ್ರವೊಂದು ಗಂಡ ಹೆಂಡಿರ ನಡುವೆ ಪಂಚನಾಗಿ ಕೂತರೆ ನ್ಯಾಯ ಸಿಕ್ಕೀತೆಂದು ನಾನು ಹಿಗ್ಗಿದೆ. ಆದರೆ ಮರುದಿನ ಕೆರೆಯ ಕಡೆಯ ರಸ್ತೆಯಲ್ಲಿ ಒಂದು ಸುತ್ತು ಮುಗಿಸಿ, ಕಟ್ಟೆಯ ಮೇಲೆ ಕೂತು, ಇಬ್ಬರೂ ಕೈ ಪಕ್ಕ ಪಕ್ಕ ಹಿಡಿದು ನೋಡಿದಾಗ ನನ್ನ ಮುಖ ಸಣ್ಣದಾಯಿತು. ಒಂದೇ ದಾರಿ, ಒಂದೇ ಹೊತ್ತು, ನಾನೇ ನಾಲ್ಕು ಹೆಜ್ಜೆ ಮುಂದಿದ್ದವನು; ಅವರ ಅಂಕಿ ನನ್ನದರ ಮೂರು ಪಟ್ಟು.

“ಕಂಟ್ರೋಲರ್ ಸಾಹೇಬ್ರ, ನೀವು ನಡೆದ್ರೇನು, ಇಲ್ಲಾ ಗಾಳಿ ತಗೊಂಡ್ರೇನು?” ಎಂದರು ಮಾಸ್ತರರು, ಏದುಸಿರಿನ ನಡುವೆ ನಗುತ್ತ.

ಗಡಿಯಾರದ ಧರ್ಮ ನನಗೆ ಅರ್ಥವಾದದ್ದು ಬಹಳ ತಡವಾಗಿ. ಯಾರ ಎದೆ ಬೇಗ ಗಾಬರಿಯಾಗುತ್ತದೋ ಅವರ ಮೇಲೆ ಅದಕ್ಕೆ ಪ್ರೀತಿ ಹೆಚ್ಚು. ಹತ್ತು ಮೆಟ್ಟಿಲು ಹತ್ತಿ ಉಬ್ಬಸಪಡುವವನಿಗೆ ಅದು ಧಾರಾಳಿ; ಮುಡಬಿ ಕಡೆಯ ಹೊಲದಲ್ಲಿ ಮುಂಜಾನೆಯಿಂದ ಕಳೆ ಕೀಳುತ್ತ ಉಸಿರೂ ಏರದವರಿಗೆ ಅದನ್ನು ಕಟ್ಟಿದರೆ, ಇವರು ಬಹುಶಃ ಮಲಗಿದ್ದಾರೆ ಎಂದೀತು. ದುಡಿದು ಪಳಗಿದ ಎದೆಗೆ ಅದರ ದರಬಾರಿನಲ್ಲಿ ಕಿಮ್ಮತ್ತಿಲ್ಲ. ಮಾಸ್ತರರು ಟೀವಿಯಲ್ಲಿ ಕ್ರಿಕೆಟ್ಟಿನ ಕೊನೆಯ ಓವರು ನೋಡುತ್ತ ಗಾದಿಯ ಮೇಲೆ ಒರಗಿಯೇ ಎರಡು ರೊಟ್ಟಿಯಷ್ಟು ಸುಟ್ಟಿದ್ದರು. ನಲ್ಲಿ ನೀರಿಗಾಗಿ ನೆರೆಮನೆಯವರೊಡನೆ ಜಗಳಾಡಿದ ದಿನವಂತೂ ಅವರ ಗಡಿಯಾರ ಅವರನ್ನು ಓಟಗಾರರ ಸಾಲಿಗೆ ಸೇರಿಸಿತ್ತು. ಇದೆಲ್ಲ ಕೇಳಿದಾಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚು. ನಾನೂ ಜಗಳಾಡಿ ನೋಡಿದೆ. ದನಿ ಏರಿತು, ಅಂಕಿ ಏರಲಿಲ್ಲ.

ಕಾರಣ ತಿಳಿದದ್ದು ಔಷಧದ ಅಂಗಡಿಯಲ್ಲಿ. ಮಾತಿಗೆ ಮಾತು ಬಂದು ಆ ಅಂಗಡಿಯವ, “ನಿಮ್ಮ ಗುಳಿಗಿ ಹಂಗೇ ಅದರಿ ಸಾಹೇಬ್ರ. ಎದಿಬಡಿತ ಏರಗೊಡಂಗಿಲ್ಲ, ಹಿಡಕೊಂಡಿರ್ತದ,” ಎಂದ. ಆತ ಹೇಳಿದ್ದು ನನ್ನ ಒಳ್ಳೆಯದಕ್ಕೇ. ಆದರೆ ಬಸ್ಸುಗಳ ನಡುವೆ ಬಾಳಿದ ನನ್ನ ತಲೆಗೆ ಹೊಳೆದದ್ದೇ ಬೇರೆ: ಹನ್ನೊಂದು ವರ್ಷದಿಂದ ನಾನು ಬ್ರೇಕ್ ತುಳಿದುಕೊಂಡೇ ಗಾಡಿ ಓಡಿಸುತ್ತಿದ್ದೇನೆ! ಬ್ರೇಕಿನ ಮೇಲೆ ಕಾಲಿಟ್ಟವನನ್ನು ಮಾಸ್ತರರ ಇಳಿಜಾರಿನ ಗಾಡಿಯ ಜೊತೆ ಓಡಿಸಿ ನಗುವುದು ಎಲ್ಲಿಯ ನ್ಯಾಯ? ಬ್ರೇಕು ಯಾಕಿರುತ್ತದೆ ಎಂಬ ಪ್ರಶ್ನೆ, ಮೂವತ್ತು ವರ್ಷ ಡ್ರೈವರುಗಳಿಗೆ ಉಪದೇಶ ಮಾಡಿದ ಈ ಮಹಾನುಭಾವನಿಗೆ ಏಳಲೇ ಇಲ್ಲ.

ಮರುದಿನದಿಂದ ಕಸ್ತೂರಿ ಅಂಗೈಯಲ್ಲಿಟ್ಟ ಗುಳಿಗೆಯನ್ನು ಬಾಯಿಗೆ ಹಾಕಿ, ದವಡೆಯ ಸಂದಿಗೆ ತಳ್ಳಿ, ನೀರನ್ನು ಮಾತ್ರ ಗುಟುಕರಿಸಿ, ಅಂಗಳಕ್ಕೆ ಹೋಗಿ ದಾಸವಾಳದ ಗಿಡದ ಬುಡಕ್ಕೆ ಉಗುಳತೊಡಗಿದೆ. ಆಕೆ ಎಂದಿನಂತೆ “ನುಂಗಿದ್ರಿ?” ಎಂದು ಕೇಳುತ್ತಿದ್ದಳು. ನಾನು ಎಂದಿನಂತೆ “ಹ್ಞಾಂ” ಎನ್ನುತ್ತಿದ್ದೆ. ಹನ್ನೊಂದು ವರ್ಷದಲ್ಲಿ ಆ ಪ್ರಶ್ನೆಗೆ ಸುಳ್ಳು ಉತ್ತರವೊಂದು ಇರಬಹುದೆಂದು ಆಕೆಗೆ ತೋಚಿರಲಿಕ್ಕಿಲ್ಲ. ನನಗಾದರೂ ಆಗ ಪಾಪಪ್ರಜ್ಞೆ ಕಾಡಿತೇ ಎಂದರೆ, ಇಲ್ಲ. ಶಾಲೆ ತಪ್ಪಿಸಿದ ಹುಡುಗನ ಖುಷಿಯೇ ಇತ್ತು.

ನಾಲ್ಕನೆಯ ದಿನಕ್ಕೆ ಅಂಕಿ ಚಿಗುರಿತು. ಆರನೆಯ ದಿನಕ್ಕೆ ಮಾಸ್ತರರನ್ನು ಮುಟ್ಟಿದೆ. ಏಳನೆಯ ದಿನ ಅವರು ನನ್ನ ಕೈ ಹಿಡಿದು ಎರಡೆರಡು ಸಲ ನೋಡಿ, “ಏನ್ ತಿನ್ನಾಕತ್ತೀರಿ ಸಾಹೇಬ್ರ?” ಎಂದು ಕೇಳಿದಾಗ ನನ್ನ ಜನ್ಮ ಸಾರ್ಥಕವಾಯಿತು. ಕಸ್ತೂರಿ ಕೊಟ್ಟ ಮಾತಿಗೆ ತಪ್ಪುವವಳಲ್ಲ. ನನ್ನ ಅಂಕಿ ನೋಡಿ, ತಾನೇ ಹೋಗಿ ಜಿಲೇಬಿ ತಂದಳು, ಮಂಡಕ್ಕಿಯ ಸುಸಲಾದ ಜೊತೆ ಮಿರ್ಚಿಭಜಿ ಕರಿದು ಬಡಿಸಿದಳು. ನಾನು ತಿನ್ನುವುದನ್ನು ನೋಡುತ್ತ, “ಛಲೋ ಆತು, ಈಗರೇ ಮೈಗೆ ಹುರುಪು ಬಂದದ,” ಎಂದು ಸಂತೋಷಪಟ್ಟಳು. ರಾತ್ರಿ ಮಲಗಿದಾಗ ಕಿವಿಯಲ್ಲಿ ಎದೆಬಡಿತ ಕೇಳಿಸುತ್ತಿತ್ತು. ಮಲಗಿದಲ್ಲೇ ಸಂಪಾದನೆ ನಡೆದಿದೆ ಎಂದು ನಾನು ತಿಳಿದೆ.

ಹತ್ತನೆಯ ದಿನ ಹುಮನಾಬಾದಿನಲ್ಲಿ ಹಳೆಯ ಸಹೋದ್ಯೋಗಿಯ ಮಗಳ ಮದುವೆ. ಕಸ್ತೂರಿ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದಳು. ನಾನೊಬ್ಬನೇ ಮುಂಜಾನೆಯ ಬಸ್ಸು ಹಿಡಿದೆ. ಹೋಳಿಗೆಯ ಊಟವೆಂದು ಗೊತ್ತಿತ್ತಾದ್ದರಿಂದ ದಾರಿಯುದ್ದಕ್ಕೂ ಗಡಿಯಾರವನ್ನೇ ನೋಡುತ್ತಿದ್ದೆ. ಏನಾಶ್ಚರ್ಯ! ಕಿಟಕಿಯ ಪಕ್ಕದ ಸೀಟಿನಲ್ಲಿ ಸುಮ್ಮನೆ ಕೂತಿದ್ದರೂ ಎದೆಬಡಿತದ ಅಂಕಿ ನೂರು ದಾಟಿತು, ನೂರಾ ಇಪ್ಪತ್ತು ದಾಟಿತು. ಕ್ಯಾಲೊರಿಗಳು ಹೆದ್ದಾರಿಯ ಮೈಲುಗಲ್ಲುಗಳಂತೆ ಹಿಂದೆ ಸರಿದವು. ಒಂದು ಹೋಳಿಗೆ, ಎರಡು ಹೋಳಿಗೆ, ತುಪ್ಪ ಸಮೇತ ಮೂರು ಎಂದು ಎಣಿಸಿದೆ. ಹುಮನಾಬಾದಿನಲ್ಲಿ ಇಳಿದಾಗ ಅಂಗಿ ಬೆನ್ನಿಗೆ ಅಂಟಿತ್ತು, ಎದೆಯ ಮೇಲೆ ಯಾರೋ ಜೋಳದ ಚೀಲ ಇಟ್ಟಂತಿತ್ತು, ನಿಲ್ದಾಣದ ಗದ್ದಲ ದೂರದಿಂದ ಕೇಳಿಸುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಗಡಿಯಾರ ಥರಥರ ನಡುಗಿ, ತನ್ನ ಎರಡು ಬೆರಳಗಲದ ಮುಖದ ತುಂಬ ಬಣ್ಣದ ಪಟಾಕಿ ಹಾರಿಸಿ, ದಿನದ ಗುರಿ ಮುಟ್ಟಿದಿರಿ, ಭಲೇ ಭಲೇ ಎಂದು ಇಂಗ್ಲಿಷಿನಲ್ಲಿ ಶಹಬ್ಬಾಸ್‌ಗಿರಿ ಕೊಟ್ಟಿತು.

ನಾನು ಕೂತಿದ್ದ ಕುರ್ಚಿಯಲ್ಲಿ ಈಗ ಕೂತಿರುವ ಕಂಟ್ರೋಲರ್, ನನ್ನ ಕೈಕೆಳಗೆ ಕಲಿತವನು, ಕೋಣೆಯಿಂದ ಓಡಿ ಬಂದ.

“ಸಾಹೇಬ್ರ, ಮಾರಿ ಯಾಕ ಹಿಂಗ ಬೆಳ್ಳಗಾಗ್ಯದ್ರಿ? ಕೂಡ್ರಿ, ಕೂಡ್ರಿ!”

ನಾನು ಕೂಡಲಿಲ್ಲ. ದೇವರಾಣೆಗೂ ಹೇಳುತ್ತೇನೆ, ನಾನು ಮಾಡಿದ್ದು ಇಷ್ಟೇ: ಎಡಗೈ ಚಾಚಿ, “ಇದರಾಗ ನೋಡಪಾ, ಎಷ್ಟ್ ಆಗ್ಯದ,” ಎಂದು ಅವನಿಗೆ ಗಡಿಯಾರ ತೋರಿಸಿದೆ. ಆಮೇಲೆ ಕಾಲು ಕುಸಿದವು.

ಅವನು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಮುಟ್ಟಿಸಿದ. ಕಸ್ತೂರಿಗೆ ಫೋನು ಮಾಡಿದವನೂ ಅವನೇ. ಎಡಗೈಗೆ ಸೂಜಿ ಚುಚ್ಚುವಾಗ ನರ್ಸಮ್ಮ ಗಡಿಯಾರ ಬಿಚ್ಚಿ ಟೇಬಲ್ಲಿನ ಮೇಲಿಟ್ಟಳು. ಒಂದೂವರೆ ಗಂಟೆಯಲ್ಲಿ ಕಸ್ತೂರಿ ಬಂದಳು, ಮೊಣಕಾಲು ನೋವಿನ ಕಸ್ತೂರಿ, ಮೆಟ್ಟಿಲು ಹತ್ತಿ, ಸೆರಗು ಕೈಯಲ್ಲಿ ಮುದ್ದೆ ಮಾಡಿ ಹಿಡಿದು. ಕಳೆದುಹೋದೀತು, ಕೈಗೆ ಹಾಕಿಕೊಳ್ಳಿ ಆಯಿ ಎಂದು ನರ್ಸಮ್ಮ ಆ ಗಡಿಯಾರವನ್ನು ಆಕೆಯ ಬಳೆಗಳ ಹಿಂದೆ ಕಟ್ಟಿದಳು. ಆಕೆ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು. ಆಗ ಡಾಕ್ಟರು ಬಂದರು, ನಮ್ಮ ಮಗಳ ವಯಸ್ಸಿನ ಹೆಣ್ಣುಮಗಳು.

“ಕಾಕಾ, ಸದ್ಯ ಹಾರ್ಟ್ ಅಟ್ಯಾಕ್ ಆಗಿಲ್ಲ. ಬಿಪಿ ಮಾತ್ರ ಭಾಳ ಏರ್‍ಯದ. ಗುಳಿಗಿ ಯಾವಾಗ ಬಿಟ್ರಿ?”

ನಾನು ಉತ್ತರಿಸುವ ಮೊದಲೇ ಕಸ್ತೂರಿ ಎಂದಳು: “ಇಲ್ರಿ ಮೇಡಮ್, ಒಂದ್ ದಿನಾನೂ ಬಿಟ್ಟಿಲ್ಲ. ನಾನೇ ಕೈಯಾಗ ಇಡ್ತೇನ್ರಿ.”

ಆಕೆಯ ದನಿಯಲ್ಲಿ ಹನ್ನೊಂದು ವರ್ಷದ ಹೆಮ್ಮೆ ಇತ್ತು. ಡಾಕ್ಟರು ನನ್ನನ್ನೇ ನೋಡಿದರು. ಆ ಹೊತ್ತಿನಲ್ಲಿ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. “ಹತ್ತ್ ದಿನಾ ಆತ್ರಿ,” ಎಂದೆ. ಯಾಕೆ ಎಂದು ಕೇಳಿದರು. ಹೇಳಿದೆ. ಬ್ರೇಕಿನ ಸಿದ್ಧಾಂತ, ಮಾಸ್ತರರ ಮೂರು ಪಟ್ಟು, ದಾಸವಾಳದ ಬುಡ, ಎಲ್ಲ. ಮನಸ್ಸಿನಲ್ಲಿ ಅಷ್ಟು ತರ್ಕಬದ್ಧವಾಗಿದ್ದ ವಿಷಯ ಬಾಯಿಂದ ಹೊರಬಿದ್ದಾಗ ಎಷ್ಟು ಹುಚ್ಚಾಗಿತ್ತೆಂದರೆ ನರ್ಸಮ್ಮ ಗೋಡೆಯ ಕಡೆ ತಿರುಗಿ ನಕ್ಕಳು. ಇಂಥ ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ಹಿಡಿದಿಟ್ಟ ಎದೆ ಸಿಕ್ಕಾಪಟ್ಟೆ ಓಡುತ್ತದೆ, ಜೀವವೇ ಹೋಗಬಹುದಿತ್ತು ಎಂದು ಡಾಕ್ಟರು ಸ್ಪಷ್ಟವಾಗಿ ಹೇಳಿ ಹೋದರು. ಕಸ್ತೂರಿ ನಗಲಿಲ್ಲ, ಬೈಯಲೂ ಇಲ್ಲ.

“ನುಂಗಿದ್ರಿ ಅಂತ ಕೇಳ್ತಿದ್ನಲ್ರಿ ನಾ,” ಎಂದಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನವೆಲ್ಲ ಆಕೆ ಆ ಸ್ಟೂಲಿನಿಂದ ಏಳಲಿಲ್ಲ. ಮದುವೆಮನೆಯವರು ಕಳಿಸಿದ ಊಟದ ಡಬ್ಬಿಯನ್ನು ಮುಟ್ಟಲಿಲ್ಲ. ಸಂಜೆ ಹೊತ್ತಿಗೆ ಆಕೆಯ ಕೈಯ ಗಡಿಯಾರ ನಡುಗಿತು. “ಏನಂತದ್ರಿ ಇದು?” ಎಂದು ಕೈ ನನ್ನ ಮುಂದೆ ಹಿಡಿದಳು. ನೋಡಿದೆ. ಎದೆಬಡಿತ ನೂರಾ ಹದಿನಾಲ್ಕು. ಕದಲದೆ ಕೂತಿದ್ದ ಅಷ್ಟು ಹೊತ್ತೂ ಆಕೆಯ ಎದೆ ಹಾಗೆಯೇ ಬಡಿದಿತ್ತು. ಕೆರೆಯ ರಸ್ತೆಯಲ್ಲಿ ನಾನಾಗಲಿ ಮಾಸ್ತರರಾಗಲಿ ಎಂದೂ ಕಾಣದಷ್ಟು ಕ್ಯಾಲೊರಿಯನ್ನು ಅದು ಆಕೆಯ ಹೆಸರಿಗೆ ಬರೆದಿತ್ತು. ಭಯವನ್ನು ಬರೆಯಲು ಅದಕ್ಕೆ ಬೇರೆ ಅಂಕಣ ತಿಳಿಯದು, ಪಾಪ.

“ನೀ ಓಡಾಕತ್ತಿ ಅಂತ ತಿಳದದ,” ಎಂದೆ.

“ಖರೇನೇ ಅದ,” ಎಂದಳು ಕಸ್ತೂರಿ. “ಕಲ್ಯಾಣದಿಂದ ಓಡಾಕತ್ತೇನ್ರಿ. ಇನ್ನೂ ನಿಂತಿಲ್ಲ.”

ನನ್ನ ಕಣ್ಣು ತುಂಬಿ ಬಂದವು. ಅಷ್ಟರಲ್ಲಿ ನರ್ಸಮ್ಮ ಗುಳಿಗೆ ತಂದಳು. ಕಸ್ತೂರಿ ಅದನ್ನು ಬಿಡಿಸಿದಳು, ಈ ಸಲ ಅಂಗೈಯಲ್ಲಿಡದೆ ತಾನೇ ನನ್ನ ಬಾಯಿಗೆ ಹಾಕಿ ನೀರು ಕುಡಿಸಿದಳು. “ನುಂಗಿದ್ರಿ?” ಎಂದು ಕೇಳಲಿಲ್ಲ. ಕೇಳುವ ವಿಶ್ವಾಸವನ್ನು ನಾನೇ ಕೆಡಿಸಿದ್ದೆ. ನಾನಾಗಿಯೇ ಆಕೆಯ ಮಣಿಕಟ್ಟು ಹಿಡಿದುಕೊಂಡೆ, ಆಕೆ ಬಿಡಿಸಿಕೊಳ್ಳಲಿಲ್ಲ. ನೂರಾ ಹತ್ತು. ನೂರಾ ಮೂರು. ಬಹಳ ಹೊತ್ತಿಗೆ ತೊಂಬತ್ತೆಂಟು. ಅಂಕಿಯೊಂದು ಇಳಿಯಲಿ, ಇನ್ನಷ್ಟು ಇಳಿಯಲಿ ಎಂದು ನಾನು ಹುಟ್ಟಿದ ಮೇಲೆ ಮೊದಲ ಸಲ ದೇವರನ್ನು ಬೇಡುತ್ತ, ಆ ಹಸಿರು ದೀಪದ ಮುಂದೆ ಉಸಿರು ಬಿಗಿಹಿಡಿದು ಕಾದೆ.