ಕ್ಲಿಯೋಫಸ್‌ನ ಮುಂದಿನ ಎರಡು ಹಲ್ಲು

ಪ್ರತಿ ಗುರುವಾರ ಮಧ್ಯಾಹ್ನ ನಾವು ಸೇವಾ ಕ್ಲಬ್ಬಿನವರು ಮೇನ್ ಸ್ಟ್ರೀಟಿನ ಹೋಟೆಲ್ ಮಹಡಿಯಲ್ಲಿ ಸೇರುತ್ತೇವೆ. ಮೊದಲು ಊಟ, ಆಮೇಲೆ ದಂಡ, ಆಮೇಲೆ ಭಾಷಣ. ದಂಡ ಅಂದರೆ ಗಾಬರಿಯಾಗಬೇಡಿ. ತಡವಾಗಿ ಬಂದವರು, ಬ್ಯಾಡ್ಜ್ ಮರೆತವರು, ಪೇಪರಿನಲ್ಲಿ ಫೋಟೋ ಬಂತೆಂದು ಬೀಗುವವರು ತಮಾಷೆಗೆ ಡಬ್ಬಿಗೆ ಒಂದಿಷ್ಟು ಹಾಕಬೇಕು, ಅಷ್ಟೇ. ನಾನು ಈ ಕ್ಲಬ್ಬಿನ ಕಾರ್ಯದರ್ಶಿ. ಹೆಸರು ವೇವ್ನಿ, ಆದರೆ ಬಹಳ ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದವಳಾದ್ದರಿಂದ ಅಧ್ಯಕ್ಷರಿಂದ ಹಿಡಿದು ಬಡಿಸುವವರ ತನಕ ಎಲ್ಲರಿಗೂ ನಾನು ಮಿಸ್. ಸದಸ್ಯರಲ್ಲಿ ಅರ್ಧ ಜನಕ್ಕೆ ನಾನೇ ಕಿವಿ ಹಿಂಡಿ ಮಗ್ಗಿ ಕಲಿಸಿದ್ದು. ಈಗಲೂ ಅವರು ನನ್ನೆದುರು ಬಾಯಿ ತೆರೆಯುವ ಮುಂಚೆ ಒಮ್ಮೆ ಯೋಚಿಸುತ್ತಾರೆ. ಯೋಚಿಸಲಿ, ಒಳ್ಳೆಯದೇ.

ನಾನು ಹೇಳಹೊರಟಿದ್ದು ಕ್ಲಬ್ಬಿನ ವಿಷಯವಲ್ಲ, ಕ್ಲಿಯೋಫಸ್ ಲಾ ರೋಸ್‌ನದು. ಅವನು ನನ್ನ ಬೇಲಿಯಾಚೆ ಮನೆಯವನು, ಚಿಕ್ಕಂದಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಓದಿದೆ ಎಂದು ಅವನು ಹೇಳಿಕೊಳ್ಳುತ್ತಾನೆ. ನಮ್ಮೂರ ಪಕ್ಕದ ಬರ್ಬೀಸ್ ನದಿಗೆ ಸೇತುವೆ ಬರುವ ಮುಂಚೆ ಅವನಿಗೆ ಫೆರಿಯಲ್ಲಿ ಹಗ್ಗ ಎಸೆಯುವ ಕೆಲಸವಿತ್ತು. ಈ ದಂಡೆ ಬಿಟ್ಟು ಆ ದಂಡೆ ಮುಟ್ಟುವ ತನಕ ಹಗ್ಗದವನಿಗೆ ಮಾಡಲು ಏನಿರುತ್ತದೆ? ಫೆರಿಯ ಎಂಜಿನ್ ನೋಡಿಕೊಳ್ಳುತ್ತಿದ್ದ ಮುದುಕ ಅವನನ್ನು ಕೂರಿಸಿಕೊಂಡು ಬಿದಿರಿನ ಕೊಳಲು ಕಲಿಸಿದ. ಸೇತುವೆ ಬಂದು ಫೆರಿ ನಿಂತ ಮೇಲೆ ಕ್ಲಿಯೋಫಸ್ ಮನೆಗಳಿಗೆ ಬಣ್ಣ ಹೊಡೆಯಲು ಹೋದ. ಕೊಳಲು ಮಾತ್ರ ಪ್ಯಾಂಟಿನ ಹಿಂದಿನ ಜೇಬಿನಲ್ಲೇ ಉಳಿಯಿತು.

ಕ್ರಿಸ್ಮಸ್ ಬಂತೆಂದರೆ ಅವನೇ ನಮ್ಮೂರಿನ ರಾಜ. ಅಂದು ಬೆಳಿಗ್ಗೆ ಮಾಸ್ಕರೇಡ್ ಮೇಳ ಬೀದಿಗಿಳಿಯುತ್ತದೆ. ಎರಡು ಡೋಲು, ಬಣ್ಣದ ಚಿಂದಿ ಬಟ್ಟೆ ತೊಟ್ಟು ಕುಣಿಯುವವರು, ಬಿದಿರಿನ ಚೌಕಟ್ಟಿನೊಳಗೆ ಹೊಕ್ಕು ಕೊಂಬು ಬೀಸುತ್ತ ಜನರ ಮೇಲೆ ನುಗ್ಗುವ ಹುಚ್ಚು ಹಸು, ಇವೆಲ್ಲಕ್ಕೂ ಸೇರಿ ಒಂದೇ ಒಂದು ಕೊಳಲು. ಜನ ನೋಟು ನೆಲಕ್ಕೆ ಎಸೆದರೆ ಕುಣಿಯುವವರು ಹಿಂದಕ್ಕೆ ಬಾಗುತ್ತ ಬಾಗುತ್ತ ಹೋಗಿ ಅದನ್ನು ಎತ್ತಿಕೊಳ್ಳಬೇಕು. ಆಗ ಕ್ಲಿಯೋಫಸ್‌ನ ಕಣ್ಣು ಅವರ ಮೊಣಕಾಲಿನ ಮೇಲೇ ಇರುತ್ತದೆ. ಅವರು ಎದ್ದು ನಿಲ್ಲುವ ತನಕ ಅವನು ಸ್ವರ ಬಿಡುವುದಿಲ್ಲ.

ಹೋದ ವರ್ಷ ಆಗಸ್ಟ್ ತಿಂಗಳಿನಿಂದ ಬೇಲಿಯಾಚೆ ಸದ್ದಡಗಿತು. ಸಂಜೆ ತಪ್ಪದೆ ಊದುತ್ತಿದ್ದವನು ಊದಲಿಲ್ಲ, ನಗಲಿಲ್ಲ, ಬಾಯಿಗೆ ಕರ್ಚೀಫು ಅಡ್ಡ ಹಿಡಿದೇ ಓಡಾಡುತ್ತಿದ್ದ.

"ಏನೋ ಅದು, ಹೊಸ ಮದುವಣಗಿತ್ತಿ ಥರ ಮುಖ ಮುಚ್ಕೊಂಡು?" ಎಂದೆ.

"ನೆಗಡಿ, ವೇವ್ನಿ."

"ಎರಡು ತಿಂಗಳಿಂದ ನೆಗಡಿನಾ?"

"ದೊಡ್ಡ ನೆಗಡಿ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನನಗೆ ಮೈಯೆಲ್ಲ ಉರಿಯಿತು. ಹಳೇ ಸ್ನೇಹ ಎಂದು ಕೇಳಿದರೆ ಮುಖಕ್ಕೇ ಬಾಗಿಲು ಹಾಕುತ್ತಾನಲ್ಲ.

ಆ ಸಲ ಅಕ್ಟೋಬರಿನಲ್ಲಿ ನಮ್ಮ ಅಧ್ಯಕ್ಷ ಡಿ ಫ್ರೇಟಸ್, ಹಾರ್ಡ್‌ವೇರ್ ಅಂಗಡಿಯವನು, ಊರಿನ ಕಲೆಗಳ ಕಷ್ಟ ಏನೆಂದು ತಿಳಿದು ಸಹಾಯ ಮಾಡೋಣ ಎಂದ. ಗುರುವಾರದ ಅತಿಥಿಯಾಗಿ ಕ್ಲಿಯೋಫಸ್‌ನನ್ನೇ ಕರೆಸಿದೆವು. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಅವನನ್ನು ಕ್ಲಬ್ಬಿನ ಸದಸ್ಯ ಡಾಕ್ಟರ್ ಜೈಕರನ್ ಪಕ್ಕದಲ್ಲಿ ಕೂರಿಸಿದೆವು. ಕರಿದ ಮೀನು ತಟ್ಟೆಯಲ್ಲಿ ಹಾಗೇ ಉಳಿಯಿತು, ಅನ್ನವನ್ನು ಮಾತ್ರ ಸಾರಿನಲ್ಲಿ ಕಿವುಚಿ ಕಿವುಚಿ ನುಂಗಿದ. ಮಾತಾಡಲು ಕರೆದಾಗ ಎದ್ದು ನಿಂತು ಕರ್ಚೀಫಿನೊಳಗಿಂದಲೇ "ಎಲ್ಲರಿಗೂ ಒಳ್ಳೇದಾಗ್ಲಿ" ಎಂದು ಹೇಳಿ ಕೂತುಬಿಟ್ಟ. ಅಷ್ಟೇ ಭಾಷಣ. ಉಳಿದ ಹೊತ್ತನ್ನು ಜೈಕರನ್ ತುಂಬಿಸಿದ. ಹುಡುಗರಿಗೆ ಆಸಕ್ತಿಯಿಲ್ಲ, ಫೋನು ಬಂದು ಕೆಟ್ಟಿತು, ಕಲೆ ಸಾಯುತ್ತಿದೆ ಎಂದು ಕೈ ಬೀಸಿ ಬೀಸಿ ಮಾತಾಡಿದ.

ಕ್ಲಿಯೋಫಸ್ ಹೋದ ಮೇಲೆ ಡಿ ಫ್ರೇಟಸ್ ನಿಟ್ಟುಸಿರು ಬಿಟ್ಟ. "ಪಾಪ, ಅಂಕಲ್‌ಗೆ ವಯಸ್ಸಾಯ್ತು. ಉಸಿರು ಸಾಲ್ತಿಲ್ಲ, ಹೇಳ್ಕೊಳ್ಳೋಕೆ ನಾಚಿಕೆ. ರೇಡಿಯೋದವರ ಹತ್ರ ಅವರು ಊದಿದ ಹಳೇ ರೆಕಾರ್ಡಿಂಗ್ ಇದೆ. ಚಕ್ರ ಇರೋ ಒಂದು ದೊಡ್ಡ ಸ್ಪೀಕರ್ ಕೊಡಿಸೋಣ. ಮೇಳ ಅದನ್ನ ಎಳ್ಕೊಂಡು ಹೋಗ್ಲಿ."

"ಕುಣಿಯೋರ ಹಿಂದೆ ಪೆಟ್ಟಿಗೆ ಎಳೀತಾರೇನೋ? ನಿನ್ನ ತಲೆಯಲ್ಲಿ ಏನಿದೆ, ಮೊಳೆನಾ?" ಎಂದೆ.

ಎಲ್ಲರೂ ನಕ್ಕರು, ನಕ್ಕು ಸ್ಪೀಕರಿಗೇ ಕೈ ಎತ್ತಿದರು. ಕಾರ್ಯದರ್ಶಿಯಾದ ತಪ್ಪಿಗೆ ಅದನ್ನು ಬರೆದುಕೊಂಡವಳೂ ನಾನೇ.

ಸಂಜೆ ಬೇಲಿಯ ಹತ್ತಿರ ನಿಂತು ಕ್ಲಿಯೋಫಸ್‌ಗೆ ಸುದ್ದಿ ಹೇಳಿದೆ. ಅವನು ಕೈಯಲ್ಲಿದ್ದ ಬ್ರಷ್ಷಿನ ಬಣ್ಣವನ್ನು ಬೇಲಿಗೆ ಒರೆಸಿದ. "ಒಳ್ಳೇದೇ ಆಯ್ತು. ಪೆಟ್ಟಿಗೆಗೆ ಊಟ ಹಾಕೋದು ಬೇಡ," ಎಂದ. "ಆದರೆ ವೇವ್ನಿ, ಕ್ರಿಸ್ಮಸ್ ಬೆಳಿಗ್ಗೆ ನನ್ನ ಮನೆ ಬಾಗಿಲು ಬಡೀಬೇಡ. ನನ್ನ ಕೊಳಲು ನನ್ನನ್ನ ಬಿಟ್ಟು ಬೀದೀಲಿ ಹೋಗೋದನ್ನ ನಾನು ನೋಡಲ್ಲ."

ನವೆಂಬರಿನ ಒಂದು ಗುರುವಾರ ಸ್ಪೀಕರ್ ಕೊಡುವ ಕಾರ್ಯಕ್ರಮ ಇಟ್ಟುಕೊಂಡೆವು. ಬ್ಯಾನರ್ ಕಟ್ಟಿಸಿದ್ದರು, ಫೋಟೋದವನನ್ನೂ ಕರೆಸಿದ್ದರು. ಮೇಳದ ಕಡೆಯಿಂದ ಮಾರ್ಕೆಟ್ಟಿನಲ್ಲಿ ಮೀನು ಮಾರುವ ಒನಿಕಾ ಬಂದಿದ್ದಳು. ಅವಳಷ್ಟು ಕೆಳಗೆ ಬಾಗುವವರು ಜಿಲ್ಲೆಯಲ್ಲೇ ಇಲ್ಲ. ನಾನು ಬಲವಂತ ಮಾಡಿದ್ದಕ್ಕೆ ಕ್ಲಿಯೋಫಸ್ ಕೂಡ ಬಂದು ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತ.

ಡಿ ಫ್ರೇಟಸ್ ಗುಂಡಿ ಒತ್ತಿದ. ಕೊಳಲು ಎಷ್ಟು ಜೋರಾಗಿ ಕೇಳಿತೆಂದರೆ ಬಡಿಸುವವಳ ಕೈಯ ಸೌಟು ಬಿತ್ತು. ಒನಿಕಾ ಮೇಜುಗಳ ನಡುವೆ ಕುಣಿಯತೊಡಗಿದಳು. ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಡಿ ಫ್ರೇಟಸ್ ಒಂದು ನೋಟು ನೆಲಕ್ಕೆ ಎಸೆದ. ಅವಳು ಹಿಂದಕ್ಕೆ ಬಾಗಿದಳು, ಬಾಗಿದಳು, ಬೆರಳು ಇನ್ನೇನು ನೋಟಿಗೆ ತಾಗಬೇಕು, ಅಷ್ಟರಲ್ಲಿ ಪೆಟ್ಟಿಗೆ ತನ್ನ ಪಾಡಿಗೆ ತಾನು ಆ ಧಾಟಿ ಮುಗಿಸಿ ಬೇರೊಂದಕ್ಕೆ ಹಾರಿತು. ಒನಿಕಾ ಧೊಪ್ಪೆಂದು ಅಧ್ಯಕ್ಷರ ಕಾಲ ಮೇಲೆ ಕೂತಳು. ಇಡೀ ಕ್ಲಬ್ಬು ಹೊಟ್ಟೆ ಹಿಡಿದುಕೊಂಡು ನಕ್ಕಿತು.

"ಅಂಕಲ್ ಆಗಿದ್ರೆ ಕಾಯ್ತಿದ್ರು," ಎಂದು ಒನಿಕಾ ಸೊಂಟ ಉಜ್ಜಿಕೊಳ್ಳುತ್ತ ಎದ್ದಳು. "ಈ ಡಬ್ಬಕ್ಕೆ ನಾನೆಲ್ಲಿದೀನಿ ಅಂತ ಕಾಣತ್ತಾ? ಬೀದೀಲಿ ಹೀಗೆ ಬಿದ್ದರೆ ನಾಳೆಯಿಂದ ಮೀನು ತಗೊಳ್ಳೋರೆಲ್ಲ ನನ್ನ ನೋಡಿ ಕಿಸಿಯೋರೇ."

ಪೆಟ್ಟಿಗೆ ಆರಿಸಿದ್ದರೂ ಅವಳು ಮತ್ತೆ ಬಾಗಿ ನಿಂತಳು, ಹಟಮಾರಿ. ಆಗ ಕ್ಲಿಯೋಫಸ್‌ಗೆ ತಡೆಯಲಾಗಲಿಲ್ಲ. ಬಾಗಿಲ ಹತ್ತಿರ ಎದ್ದು ನಿಂತ, ಕರ್ಚೀಫು ಕೆಳಗೆ ಬಿತ್ತು, ಕೊಳಲು ತುಟಿಗೆ ಬಂತು. ಬಂದದ್ದು ಬರೀ ಗಾಳಿ. ಪಂಚರ್ ಆದ ಟೈರಿನಿಂದ ಬರುತ್ತದಲ್ಲ, ಅಂಥ ಬುಸ್ ಎನ್ನುವ ಸದ್ದು. ಇನ್ನೊಮ್ಮೆ ಊದಿದ, ಅದೇ ಬುಸ್. ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಇರಲಿಲ್ಲ. ಎಲ್ಲರೂ ನೋಡಿದರು. ಅವನ ಮುಖ ಸಣ್ಣಗಾಯಿತು.

"ಹೇಗೆ ಹೋಯ್ತು, ಅಂಕಲ್?" ಎಂದು ಒನಿಕಾ ಮೆಲ್ಲಗೆ ಕೇಳಿದಳು.

ಅವನು ಗೋಡೆ ನೋಡುತ್ತ ಹೇಳಿದ. "ಆಗಸ್ಟಲ್ಲಿ ಒಂದು ಮದುವೇಲಿ ಬಿಯರ್ ಬಾಟ್ಲಿ ಮುಚ್ಚಳ ತೆಗೆಯೋಕೆ ಏನೂ ಸಿಗಲಿಲ್ಲ. ಒಬ್ರು ಹೆಂಗಸ್ರು ಕೇಳಿದ್ರು. ಹಲ್ಲಲ್ಲಿ ತೆಗೆದೆ."

"ತೆಗೆದ್ಯಾ?" ಎಂದೆ.

"ತೆಗೆದೆ. ಮುಚ್ಚಳಾನೂ ಬಂತು."

ಅರವತ್ತೆಂಟು ವರ್ಷದ ಗಂಡಸು. ನಗಬೇಕೋ ಅಳಬೇಕೋ ತಿಳಿಯದೆ ನನ್ನ ಸಿಟ್ಟೆಲ್ಲ ಡಾಕ್ಟರ್ ಜೈಕರನ್ ಮೇಲೆ ತಿರುಗಿತು. ಯಾಕೆಂದರೆ ಜೈಕರನ್ ಬೇರೆ ಯಾವುದರ ಡಾಕ್ಟರೂ ಅಲ್ಲ, ಹಲ್ಲಿನ ಡಾಕ್ಟರು. "ನಿನ್ನ ಪಕ್ಕದಲ್ಲೇ ಕೂತಿದ್ದನಲ್ಲೋ, ಮಾರಾಯ. ಊಟ ಪೂರ್ತಿ ಕೂತಿದ್ದ. ಕಲೆ ಸಾಯ್ತಿದೆ, ಕಲೆ ಸಾಯ್ತಿದೆ ಅಂತ ಬಡ್ಕೊಂಡ್ಯಲ್ಲ, ಒಂದ್ಸಲ ತಿರುಗಿ ಆ ಕಲಾವಿದನ ಬಾಯಿ ನೋಡ್ಬಾರ್ದಿತ್ತಾ? ಹಾಕು ಡಬ್ಬಿಗೆ ದಂಡ."

ಜೈಕರನ್ ಡಬ್ಬಿಗೆ ನೋಟು ತುರುಕಿದ. "ತಪ್ಪಾಯ್ತು, ಮಿಸ್. ಅಂಕಲ್, ನಾಳೆ ಬೆಳಿಗ್ಗೆ ಕ್ಲಿನಿಕ್ಕಿಗೆ ಬನ್ನಿ. ಒಂದು ಪೈಸೆ ಬೇಡ."

"ಬ್ಯಾನರಲ್ಲಿ ಬರೆಸೋಣ," ಎಂದು ಡಿ ಫ್ರೇಟಸ್ ಹುರುಪಿನಿಂದ ಎದ್ದ. "ಹಲ್ಲು ಹಾಕೋ ಮುಂಚೆ ಒಂದು ಫೋಟೋ, ಹಾಕಿದ ಮೇಲೆ ಒಂದು."

ಕ್ಲಿಯೋಫಸ್ ಕರ್ಚೀಫು ಎತ್ತಿಕೊಂಡ. "ನನ್ನ ಬಾಯಿ ನಿಮ್ಮ ಬ್ಯಾನರಿಗಲ್ಲ. ಪುಕ್ಕಟೆ ಹಲ್ಲೂ ನನಗೆ ಬೇಡ." ಬಾಗಿಲ ತನಕ ಹೋದವನು ತಿರುಗಿದ. ಜೈಕರನ್‌ನ ಅಗಲ ಭುಜ, ಇಸ್ತ್ರಿ ಮುರಿಯದ ಕೋಟು, ಪಾಲಿಶ್ ಬೂಟು ಎಲ್ಲವನ್ನೂ ಮೇಲಿಂದ ಕೆಳಗೆ ಅಳೆದ. "ಮೇಳದಲ್ಲಿ ಹಸು ಹೊರ್ತಿದ್ದ ನಮ್ಮ ಹುಡುಗ ಸಮುದ್ರದಲ್ಲಿ ಪೆಟ್ರೋಲ್ ತೆಗೆಯೋ ಕಂಪನಿ ಕೆಲಸಕ್ಕೆ ಹೋದ. ಹಸು ನನ್ನ ಅಟ್ಟದ ಮೇಲಿದೆ, ಹೊರೋರಿಲ್ಲ. ನೀನು ಹೊರ್ತೀಯಾ, ಡಾಕ್ಟ್ರೇ? ಹೊರೋದಾದ್ರೆ ನನ್ನ ಹಲ್ಲು ನಿನ್ನ ಕೈಲಿ."

ನಮ್ಮೂರಿನಲ್ಲಿ ಮಕ್ಕಳನ್ನು ಹೆದರಿಸಲು ಜೈಕರನ್‌ನ ಹೆಸರು ಹೇಳಿದರೆ ಸಾಕು. ಅಂಥವನು ಹಸುವಿನ ಚೌಕಟ್ಟಿನೊಳಗೆ ಹೊಕ್ಕು ಬೀದಿಯಲ್ಲಿ ಓಡುವುದೆಂದರೆ! ಅವನು ಕೆಂಪಗಾದ, ನನ್ನ ಕಡೆ ನೋಡಿದ. ನಾನು ಹಳೇ ತರಗತಿಯ ನೋಟವನ್ನೇ ಅವನಿಗೆ ಕೊಟ್ಟೆ. "ಹೊರ್ತೀನಿ," ಎಂದ.

ಹಲ್ಲು ಬಂತು. ನೋಡಲು ಬೆಳ್ಳಗೆ, ಚೆಂದ. ಊದಿದರೆ ಮಾತ್ರ ಅದೇ ಬುಸ್. ದಿನಾ ಸಂಜೆ ಬೇಲಿಯಾಚೆಯಿಂದ ಆ ಗಾಳಿಯ ಸದ್ದೇ ಕೇಳುತ್ತಿತ್ತು. ಜೈಕರನ್ ಕ್ಲಿನಿಕ್ ಮುಚ್ಚಿದವನೇ ಅಲ್ಲಿಗೆ ಬರುತ್ತಿದ್ದ, ಹಲ್ಲು ಒಂಚೂರು ಉಜ್ಜಿ ಕೊಡುತ್ತಿದ್ದ, ಆಮೇಲೆ ಅಂಗಳದಲ್ಲಿ ಹಸು ಹೊತ್ತು ನನ್ನ ಕೋಳಿಗಳನ್ನೆಲ್ಲ ಚದುರಿಸುತ್ತಿದ್ದ. ಹಸು ದಿನದಿನಕ್ಕೆ ಸುಧಾರಿಸಿತು, ಕೊಳಲು ಸುಧಾರಿಸಲಿಲ್ಲ.

"ನನ್ನ ಬಾಯೊಳಗೆ ಯಾರೋ ಬಾಡಿಗೆಗೆ ಬಂದ ಹಾಗಿದೆ, ವೇವ್ನಿ," ಎಂದ ಒಂದು ದಿನ. "ಹೊಂದ್ಕೊಳ್ಳೋ ಹೊತ್ತಿಗೆ ಈಸ್ಟರ್ ಬರತ್ತೆ." ಕೊನೆಯ ವಾರ ಅವನು ಕೊಳಲು ಹಿಡಿದು ನದಿಯ ಕಡೆ ಒಬ್ಬನೇ ಹೋಗತೊಡಗಿದ. ಏನಾಯಿತೋ ನಮಗೆ ಹೇಳಲಿಲ್ಲ. ಡಿ ಫ್ರೇಟಸ್ ಯಾವುದಕ್ಕೂ ಇರಲಿ ಎಂದು ಸ್ಪೀಕರನ್ನು ಚಾರ್ಜಿಗೆ ಹಾಕಿಟ್ಟ.

ಕ್ರಿಸ್ಮಸ್ ಬೆಳಿಗ್ಗೆ ಒಲೆಯ ಮೇಲೆ ಪೆಪ್ಪರ್‌ಪಾಟ್, ನಮ್ಮ ಹಬ್ಬದ ಮಾಂಸದ ಸಾರು, ಬಿಸಿಯಾಗುತ್ತಿತ್ತು. ಕ್ಲಬ್ಬಿನವರೆಲ್ಲ ನನ್ನ ಗೇಟಿನ ಹತ್ತಿರ ನಿಂತಿದ್ದರು, ಪೆಟ್ಟಿಗೆಯ ಸಮೇತ. ತಿರುವಿನಲ್ಲಿ ಡೋಲು ಕೇಳಿತು. ಬರೀ ಡೋಲು. ಹತ್ತಿರ ಬಂತು, ಆಗಲೂ ಬರೀ ಡೋಲು. ಡಿ ಫ್ರೇಟಸ್ ಸ್ಪೀಕರಿನ ಗುಂಡಿಯ ಮೇಲೆ ಬೆರಳಿಟ್ಟ. "ಮುಟ್ಟಿದರೆ ಕೈ ಮುರೀತೀನಿ," ಎಂದೆ.

ಆಗ ಕೊಳಲು ಬಂತು. ಮೊದಲು ಒಂಚೂರು ಗಾಳಿ, ಆಮೇಲೆ ಅದನ್ನು ಸೀಳಿಕೊಂಡು ಸ್ವರ, ತೆಳ್ಳಗೆ, ನೆಟ್ಟಗೆ. ಮೇಳದ ಮುಂದೆ ಕ್ಲಿಯೋಫಸ್ ಬರುತ್ತಿದ್ದ, ಕರ್ಚೀಫು ಇಲ್ಲ, ಎದೆ ಉಬ್ಬಿಸಿಕೊಂಡು. ನಾನು ಅತ್ತೆ. ಅಳುತ್ತಲೇ ಕೈಯಲ್ಲಿದ್ದ ಸೌಟನ್ನೂ ಬಿಡದೆ ಬೀದಿಗಿಳಿದು ಕುಣಿದೆ, ನನ್ನ ಹಳೇ ವಿದ್ಯಾರ್ಥಿಗಳು ಬಾಯಿ ಬಿಟ್ಟುಕೊಂಡು ನೋಡಲಿ ಎಂದು. ಹಸು ಡಿ ಫ್ರೇಟಸ್‌ನನ್ನು ಬೆನ್ನಟ್ಟಿ ಚರಂಡಿ ದಾಟಿಸಿತು, ಬ್ಯಾಂಕ್ ಮ್ಯಾನೇಜರನ್ನು ಮಾವಿನ ಮರಕ್ಕೆ ಹತ್ತಿಸಿತು. ಜೈಕರನ್ ಕೈಯಲ್ಲಿ ಹಲ್ಲು ಕೀಳಿಸಿಕೊಂಡಿದ್ದ ಊರಿನವರೆಲ್ಲ ಹಸುವಿನ ಬೆನ್ನಿಗೆ ಒಂದೊಂದು ಗುದ್ದಿ ತೀರಿಸಿಕೊಂಡರು.

ನಾಲ್ಕು ಬೀದಿ ಸುತ್ತುವಷ್ಟರಲ್ಲಿ ಹಸು ಕುಕ್ಕರಿಸಿತು. ಕೊಂಬಿನ ನಡುವಿನಿಂದ ಜೈಕರನ್‌ನ ಬೆವೆತ ಮುಖ ಹೊರಗೆ ಬಂತು.

"ಸಾಕು ಅಂಕಲ್, ಇನ್ನು ಆಗಲ್ಲ," ಎಂದು ಏದುಸಿರು ಬಿಟ್ಟ.

ಕ್ಲಿಯೋಫಸ್ ಕೊಳಲು ಇಳಿಸಿದ. "ನೀನು ನನ್ನ ಬಾಯೊಳಗೆ ಕೈ ಇಟ್ಟಿದ್ದಾಗ ನಾನೂ ಸಾಕು ಅಂದಿದ್ದೆ, ಡಾಕ್ಟ್ರೇ. ಬಿಟ್ಯಾ?"

ಹೇಳಿದವನೇ ಹೊಸ ಹಲ್ಲೆರಡೂ ಕಾಣುವಂತೆ ಬಾಯ್ತುಂಬ ನಕ್ಕ, ಕೊಳಲು ತುಟಿಗಿಟ್ಟ. ಹಸು ಎದ್ದು ನಿಂತಿತು.