ಎರಡೂ ತುದಿಯಿಂದ ಬರೆದ ವಹಿ

ಈ ವಹಿಯ ರಟ್ಟು ಮೊದಲು ಕೆಂಪಗಿತ್ತೆಂದು ನನ್ನ ನೆನಪು. ಈಗ ಮೇಜಿನ ಮೇಲಿರುವುದು ಮಾತ್ರ ಹಳೆಯ ಹುಣಸೆಹಣ್ಣಿನ ಬಣ್ಣದ್ದು. ಮುಂದೆ ನಾನು ಹೇಳುವ ಕೆಲವು ವಿವರಗಳೂ ಹೀಗೆಯೇ ಬಣ್ಣ ತಿರುಗಿರಬಹುದೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಸೋದರತ್ತೆ ಅದನ್ನು ತಂದದ್ದು ಮಳೆಗಾಲದಲ್ಲೋ ಸುಗ್ಗಿಯಲ್ಲೋ ಖಚಿತವಿಲ್ಲ. ದಿನಚರಿ ಬರೆಯುವ ಚಟ ನನಗೆ ಹತ್ತಿದ್ದು ಆಮೇಲೆ; ಅದಕ್ಕೂ ಹಿಂದಿನದೆಲ್ಲ ಹಲವು ಸಲ ಹೇಳಿ ಹೇಳಿ ನಾನೇ ನುಣುಪು ಮಾಡಿಕೊಂಡದ್ದು. ವಹಿಯಲ್ಲಿ ಬರೆದದ್ದಷ್ಟನ್ನು ನೀವು ಧೈರ್ಯವಾಗಿ ನಂಬಬಹುದು.

ಅದನ್ನು ಕಪಾಟಿನಿಂದ ಇಳಿಸಲು ಕಾರಣ ಸಾಯಗಾಂವದ ಒಬ್ಬ ಹುಡುಗಿ. ಭಾಲ್ಕಿಯ ಸಾಲೆಯಲ್ಲಿ ನನ್ನ ಹತ್ತಿರ ಕಲಿತವಳು, ಈಗ ಆನರ್ಸ್ ಓದಲು ಮೈಸೂರಿಗೆ ಹೊರಟಿದ್ದಾಳೆ. ಮೊನ್ನೆ ಬಾಗಿಲಲ್ಲಿ ನಿಂತು, "ಅಕ್ಕೋರ, ಅಲ್ಲಿ ಏನೇನ್ ಇರ್ತದ, ನಾ ಹ್ಯಾಂಗ ಇರಬೇಕು, ಒಂದೀಟು ಬರದು ಕೊಡ್ರಿ" ಎಂದಳು. ನಾನೂ ಹುರುಪಿನಿಂದ ಕೂತೆ. ಹಾಸಿಗೆಸುರುಳಿಗೆ ಗಟ್ಟಿ ಹಗ್ಗ ಕಟ್ಟು, ಕಡಕ್ ರೊಟ್ಟಿಯ ಗಂಟನ್ನು ಟ್ರಂಕಿನಲ್ಲಿಟ್ಟು ಪುಡಿ ಮಾಡಿಕೊಳ್ಳಬೇಡ, ನೀನು 'ರಿ' ಎಂದಾಗ ನಗುವವರಿದ್ದಾರೆ, ನಗಲಿ ಬಿಡು. ಇಷ್ಟು ಬರೆದ ಮೇಲೆ ಕೈ ನಿಂತಿತು. ಇದಾವುದೂ ಆನರ್ಸ್ ಅಲ್ಲವಲ್ಲ. ಆನರ್ಸ್ ಎಂದರೇನೆಂದು ನನಗೆ ತಿಳಿದದ್ದು ಮೈಸೂರಿನಲ್ಲಿ ಹೌದು. ಆದರೆ ಅದನ್ನು ಕಲಿಸಿದ್ದು ಔರಾದದ ಒಂದು ಆಕಳು.

ಆಗ ನಮ್ಮ ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾವು ಕೂತಲ್ಲಿಂದ ಏಳದೆಯೇ ಮೈಸೂರಿನವರಾಗಿದ್ದೆವು. ಕಚೇರಿಗಳ ಬೋರ್ಡಿನ ಮೇಲೆ ಉರ್ದುವಿನ ಜಾಗಕ್ಕೆ ಕನ್ನಡ ಬಂತು, ಜೊತೆಗೆ ಅತ್ತೆಗೆ ಒಂದು ಹುಕುಂ ಬಂತು. ಅತ್ತೆ ಔರಾದದ ಸಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿಸುತ್ತಿದ್ದರು. ಮನೆಮಾತು ಕನ್ನಡವೇ ಆದರೂ ಅದರ ಒಂದು ಅಕ್ಷರವನ್ನೂ ಬರೆದವರಲ್ಲ. ಇನ್ನು ಮೇಲೆ ಕನ್ನಡದ ಪರೀಕ್ಷೆ ಪಾಸಾಗಬೇಕಿತ್ತು. ತಲೆಯಲ್ಲಿ ನರೆ ಮೂಡಿದ ಆ ಮಾಸ್ತರಣಿ ವಾರಕ್ಕೊಮ್ಮೆ ಬಸ್ಸು ಹತ್ತಿ ಬೀದರಿನ ನಮ್ಮ ಮನೆಗೆ ಬಂದು, ಕಾಲೇಜಿಗೆ ಹೋಗುತ್ತಿದ್ದ ನನ್ನೆದುರು ವಿದ್ಯಾರ್ಥಿಯಾಗಿ ಕೂರುತ್ತಿದ್ದರು. ಇಬ್ಬರಿಗೂ ಸೇರಿ ಒಂದೇ ದಪ್ಪ ವಹಿ. ನಾನು ಎಡದ ರಟ್ಟಿನಿಂದ ನನ್ನ ಪಾಠ ಬರೆದುಕೊಳ್ಳುತ್ತಿದ್ದೆ. ಅತ್ತೆ ಬರೆಯುವುದು ಕನ್ನಡವಾದರೂ, ಉರ್ದು ಪುಸ್ತಕ ತೆರೆದ ರೂಢಿಗೆ, ಬಲದ ರಟ್ಟಿನಿಂದಲೇ ಶುರುಮಾಡಿದ್ದರು. ಹೀಗೆ ಈ ವಹಿಗೆ ಎರಡು ಮೊದಲ ಪುಟಗಳು.

ಅಕ್ಷರ ಮುಗಿದು ವಾಕ್ಯಕ್ಕೆ ಬಂದೆವು. ಪಾಠದಲ್ಲಿ "ಆಕಳು ಸಾಧು ಪ್ರಾಣಿ" ಎಂದಿತ್ತು. ಅತ್ತೆ ಪೆನ್ಸಿಲ್ ಕೆಳಗಿಟ್ಟರು.

"ಇದು ನಾ ಬರಿಯಂಗಿಲ್ಲ. ನಮ್ಮ ಆಕಳು ನಿನ್ನಿ ಒದ್ದದ, ನೋಡಿಲ್ಲಿ ಮೊಳಕಾಲು."

"ಅತ್ತಿ, ಸುಮ್ನ ಬರೀರಿ. ಪರೀಕ್ಷಿಯೊಳಗ ಇದೇ ಬರ್ತದ."

"ಬರ್ತದ, ಖರೆ. ಆದ್ರ ಇದನ್ನ ಬರದಾಂವ ನಮ್ಮ ಆಕಳ ಹಾಲು ಹಿಂಡ್ಯಾನೇನು?"

ನನಗೆ ಸಿಟ್ಟು ಬಂತು. ನೌಕರಿಯ ಮಾತಿದು, ಆಕಳ ಮಾತಲ್ಲ ಎಂದೆನೋ, ಇನ್ನೂ ಒರಟಾಗಿ ಏನಾದರೂ ಅಂದೆನೋ. ನನ್ನ ನೆನಪು ನನಗೆ ಅನುಕೂಲವಾಗುವಂತೆ ಅದನ್ನು ಮರೆತಿದೆ. ಅತ್ತೆ ಬರೆದದ್ದು ಮಾತ್ರ ಇಲ್ಲಿದೆ: "ನಮ್ಮ ಆಕಳು ಸಾಧು ಅಲ್ಲ. ಬೇರೆಯವರ ಆಕಳು ನೋಡಿ ಬರೆಯುವೆ." ಮರುವಾರದ ಪುಟ: "ಮೂರು ಆಕಳು ನೋಡಿದೆ. ಎರಡು ಸಾಧು. ಒಂದು ಮಲಗಿತ್ತು, ಹೇಳಲು ಬಾರದು."

ಆ ವರ್ಷದ ಪರೀಕ್ಷೆಯಲ್ಲಿ ಆಕಳೇ ಬಂತು, ಅತ್ತೆ ನಪಾಸಾದರು. ನಾನು ಪಾಸಾಗಿ, ಮೈಸೂರಿನಲ್ಲಿ ಇತಿಹಾಸದ ಆನರ್ಸಿಗೆ ಸೀಟು ಪಡೆದೆ. ಹೊರಡುವಾಗ ಅತ್ತೆ ವಹಿಯನ್ನು ನನ್ನ ಕೈಗಿಟ್ಟು, "ನಡುವ ಖಾಲಿ ಹಾಳಿ ಭಾಳ ಅವ, ಕೆಡಸಬ್ಯಾಡ" ಎಂದರು.

ಸಾಯಗಾಂವದ ಹುಡುಗಿಯೇ, ಅಲ್ಲಿಯ ಕೋಣೆ ಸಣ್ಣದು, ಇದು ನಿನಗೆ ತಿಳಿದಿರಲಿ. ನಾವು ಏಳೋ ಎಂಟೋ ಜನ. ಹಿಂದಿನ ಬೆಂಚು ಎನ್ನುವ ತಂಪು ನೆರಳೇ ಇಲ್ಲ. ಯಾರೂ ನೋಟ್ಸ್ ಹೇಳಿ ಬರೆಸುವುದಿಲ್ಲ. ವಾರಕ್ಕೊಬ್ಬರು ಪ್ರಬಂಧ ಬರೆದು ಎಲ್ಲರೆದುರು ಓದಬೇಕು, ಮತ್ತು ಮೊದಲ ಟರ್ಮ್ ಮುಗಿಯುವಾಗ ಸಾಲದೆಂದು ಕಂಡವರನ್ನು ಸಾಧಾರಣ ಬಿ.ಎ. ತರಗತಿಗೆ ದಾಟಿಸುತ್ತಾರೆ. ಹಾಗೆ ದಾಟಿದರೆ ಊರಿಗೆ ಕರೆಸಿಕೊಳ್ಳುವುದಾಗಿ ಅಪ್ಪ ಹೇಳಿಯೇ ಕಳಿಸಿದ್ದರು.

ನನ್ನ ಸರದಿಗೆ ಬಂದ ವಿಷಯ ನನ್ನದೇ ಊರು. ಗ್ರಂಥಾಲಯದ ದೊಡ್ಡ ಪುಸ್ತಕವೊಂದರಿಂದ ಬೀದರಿನ ಕೋಟೆಯನ್ನು ಕಲ್ಲುಕಲ್ಲಾಗಿ ಎತ್ತಿ ತಂದು ಈ ವಹಿಯ ನಡುಪುಟಗಳಲ್ಲಿ ಕಟ್ಟಿ, ಒಂದೂ ತಪ್ಪಿಲ್ಲದೆ ಓದಿದೆ. ಪ್ರಾಧ್ಯಾಪಕರು ಕಣ್ಣುಮುಚ್ಚಿ ಕೇಳಿ, "ಚೆನ್ನಾಗಿದೆಯಮ್ಮ. ಇದರಲ್ಲಿ ನೀವು ನೋಡಿದ್ದು ಯಾವುದು?" ಎಂದರು. ನಾನು ಕೋಟೆಯ ಪಕ್ಕದಲ್ಲೇ ಬೆಳೆದವಳು, ಆದರೂ ಕಣ್ಣಾರೆ ಕಂಡು ಬರೆದ ವಾಕ್ಯ ಅದರಲ್ಲಿ ಒಂದೂ ಇರಲಿಲ್ಲ. ಅವರು ವಹಿಯನ್ನು ಕೈಗೆ ತೆಗೆದುಕೊಂಡರು, ಅದು ಬಲದ ರಟ್ಟಿನಿಂದ ತೆರೆದುಕೊಂಡಿತು. ಓದಿದರು. ಮತ್ತೊಂದು ಪುಟ ತಿರುವಿದರು. ಆಕಳುಗಳನ್ನು ಗಟ್ಟಿಯಾಗಿಯೇ ಓದಿದರು. ಕೋಣೆಯೆಲ್ಲ ನಕ್ಕಿತು, ನಾನು ನೆಲ ನೋಡಿದೆ.

"ಇದನ್ನ ಬರೆದೋರು ಯಾರು?"

"ನಮ್ಮ ಅತ್ತಿರಿ. ಔರಾದದಾಗ ಇರ್ತಾರ್ರಿ."

"ಮಲಗಿದ್ದ ಆಕಳ ವಿಷಯದಲ್ಲಿ ಹೇಳಲು ಬಾರದು ಅಂದಿದಾರಲ್ಲ, ಅದನ್ನ ಕಲಿಸೋದಕ್ಕೆ ನಮಗೆ ಇಲ್ಲಿ ಮೂರು ವರ್ಷ ಬೇಕು. ನೀವೂ ಇಂಥದೊಂದು ಪುಟ ತನ್ನಿ. ಈ ಟರ್ಮ್ ಮುಗಿಯೋದರೊಳಗೆ."

ಅಳುವಷ್ಟು ಅವಮಾನವಾಗಿತ್ತು. ಅತ್ತೆಗೆ ಒರಟಾಗಿ ಹೇಳಿದ್ದನ್ನು ನಾನು ಮರೆತರೂ, ಆ ನಗುವನ್ನು ಮರೆತಿಲ್ಲ. ವಾರಗಟ್ಟಲೆ ಏನನ್ನೂ ಬರೆಯಲಾಗಲಿಲ್ಲ. ಕೊನೆಗೆ, ಕೋಟೆಯ ಕಂದಕದ ಅಂಚಿನಲ್ಲಿ ಜನವಾಡ ಹಳ್ಳಿಯ ಹೆಂಗಸರು ತರಕಾರಿ ಬುಟ್ಟಿ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದುದನ್ನು ಬರೆದೆ. ಅದು ನಾನು ಕಂಡದ್ದು. ಕಂದಕ ತೋಡಿದ ಕೈಗಳ ಬಗ್ಗೆ ಪುಸ್ತಕ ಹೀಗೆನ್ನುತ್ತದೆ, ನಾನು ಕಂಡಿಲ್ಲ ಎಂದು ಅದರ ಕೆಳಗೆ ಬರೆದೆ. ಒಂದೂವರೆ ಪುಟ. ಪ್ರಾಧ್ಯಾಪಕರು ಅಂಚಿನಲ್ಲಿ ಒಂದೇ ಪದ ಬರೆದಿದ್ದಾರೆ: "ಮುಂದುವರಿಸಿ." ನಾನು ಆನರ್ಸಿನಲ್ಲಿ ಉಳಿದೆ.

ಆದ್ದರಿಂದ ಮಗಳೇ, ಅಲ್ಲಿ ಏನಿರುತ್ತದೆ ಎಂದರೆ, ನೀನು ನೋಡಿದ್ದೇನು ಎಂದು ಕೇಳುವವರು ಇರುತ್ತಾರೆ. ಅಷ್ಟು ದೂರ ಹೋಗಿ ಪಡೆಯಬೇಕಾದದ್ದು ಅದೊಂದೇ ಎನ್ನುವಷ್ಟು ಕೃತಜ್ಞತೆ ನನ್ನಲ್ಲಿದೆ. ಆ ಪ್ರಶ್ನೆ ಅದಕ್ಕೂ ಮೊದಲೇ ನಮ್ಮ ಪಡಸಾಲೆಯಲ್ಲಿ, ಮೊಳಕಾಲಿಗೆ ಅರಿಶಿಣ ಹಚ್ಚಿಕೊಂಡು ನನ್ನೆದುರು ಕೂತಿತ್ತು. ನಾನು ಅದಕ್ಕೆ ಸುಮ್ಮನೆ ಬರೆಯಲು ಹೇಳಿದ್ದೆ.

ಅತ್ತೆ ಎರಡನೆಯ ಸಲ ಪಾಸಾಗಿ, ಕನ್ನಡದಲ್ಲೇ ಲೆಕ್ಕ ಕಲಿಸಿ, ಈಗ ನಿವೃತ್ತರಾಗಿ ಔರಾದದಲ್ಲೇ ಇದ್ದಾರೆ. ಹೋದ ಭಾನುವಾರ ಈ ವಹಿಯನ್ನು ಅವರಿಗೆ ತೋರಿಸಲು ಒಯ್ದಿದ್ದೆ. ಬಲದ ರಟ್ಟಿನಿಂದಲೇ ತೆರೆದು, ಮೂರು ಆಕಳುಗಳ ಪುಟಕ್ಕೆ ಬಂದು ನಕ್ಕರು. ಎರಡನೆಯ ಸಲವೂ ಪರೀಕ್ಷೆಯಲ್ಲಿ ಆಕಳೇ ಬಂದಿತ್ತೆಂದು ಆಗ ಹೇಳಿದರು. ಇಷ್ಟು ವರ್ಷ ಕೇಳಬೇಕೆಂದು ನನಗೆ ಹೊಳೆದೇ ಇರದಿದ್ದದ್ದು ಆಗ ಬಾಯಿಗೆ ಬಂತು. ಅತ್ತೆ ವಹಿ ಮುಚ್ಚಿ, "ಚಾ ಆರ್ತದ, ಕುಡಿ ಮೊದ್ಲ" ಎಂದರು. ಕುಡಿದೆ. ಬಸ್ಸಿನ ಹೊತ್ತಾಯಿತು. ಹೊಸ್ತಿಲ ಮೇಲೆ ನಿಂತು ಮತ್ತೊಮ್ಮೆ ಕೇಳಿದೆ:

"ಅತ್ತಿ, ಎರಡನೇ ಸಲ ನನ್ನ ಮಾತು ಕೇಳಿ, ಆಕಳು ಸಾಧು ಅಂತ ಬರದ್ರೇನು?"